ನಿಧಿಯೂ ನಿಕ್ಷೇಪವೂ

ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ಎಂಟು ಪದಗಳ ಒಂದು ಸರಣಿಯು ಪರಿಚಿತವಾಗಿರುತ್ತದೆ. ಅರಸನಾಗಲಿ ದಂಡನಾಯಕನಾಗಲಿ ಒಂದು ಗ್ರಾಮವನ್ನು ದೇವಾಲಯಕ್ಕೋ ವಿದ್ವಾಂಸರಿಗೋ ಧಾರೆಯೆರೆದು ಕೊಡುವಾಗ, ಬರಿಯ ಉಳುವ ನೆಲವನ್ನು ಕೊಟ್ಟೆನೆಂದು ಬರೆಯಿಸಿ ಸುಮ್ಮನಾಗುತ್ತಿರಲಿಲ್ಲ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳೊಡನೆ ಕೊಟ್ಟೆನೆಂದು ಬರೆಯಿಸುತ್ತಿದ್ದುದುಂಟು. ನೆಲದಲ್ಲಿ ಹುದುಗಿರುವ ಧನ, ಇರಿಸಿದ ಇಡುಗಂಟು, ನೀರು, ಕಲ್ಲು, ಸವೆಯದ ಉತ್ಪತ್ತಿ, ಮುಂದೆ ಬರತಕ್ಕದ್ದು, ಈಗಾಗಲೇ ಕೈಗೂಡಿರುವುದು, ದುಡಿದು ಸಾಧಿಸಿಕೊಳ್ಳಬಹುದಾದದ್ದು ಎಂದು ಸ್ಥೂಲವಾಗಿ ಇವುಗಳ ಅರ್ಥ. ಒಂದು ತುಂಡು ಭೂಮಿಯಿಂದ ಮನುಷ್ಯನು ಅಪೇಕ್ಷಿಸಬಹುದಾದುದೆಲ್ಲವೂ ಈ ಎಂಟು ಮಾತುಗಳಲ್ಲಿ ಅಡಗಿದೆ.

ಈ ಸರಣಿಯ ಮೊದಲ ಎರಡು ಪದಗಳು ಅಕ್ಕಪಕ್ಕದಲ್ಲಿ ನಿಂತಿರುವುದು ವಿಚಾರಕ್ಕೆ ಅರ್ಹವಾದ ಸಂಗತಿ. ನಿಧಿಯೆಂದರೆ ಒಡೆಯನು ಯಾರೆಂದು ತಿಳಿಯದೆ ನೆಲದಲ್ಲಿ ಉಳಿದುಹೋದ ಧನ. ನಿಕ್ಷೇಪವೆಂಬುದಕ್ಕೆ ಹೂತಿಟ್ಟದ್ದೆಂಬ ಅರ್ಥವೂ ಉಂಟು. ಆದರೆ ಧರ್ಮಶಾಸ್ತ್ರದಲ್ಲಿ ಅದಕ್ಕೆ ಇನ್ನೂ ಖಚಿತವಾದ ಅರ್ಥವೊಂದಿದೆ. ಒಬ್ಬನು ಇನ್ನೊಬ್ಬನನ್ನು ನಂಬಿ, ಕಾಪಾಡಿಕೊಂಡಿದ್ದು ಕೇಳಿದಾಗ ಹಿಂದಿರುಗಿಸೆಂದು ಒಪ್ಪಿಸಿದ ಸೊತ್ತೇ ನಿಕ್ಷೇಪ. ಮನುಸ್ಮೃತಿಯು ಎಣಿಸುವ ೧೮ ವ್ಯವಹಾರಪದಗಳಲ್ಲಿ ಸಾಲದ ವ್ಯಾಜ್ಯವು ಮೊದಲನೆಯದು, ನಿಕ್ಷೇಪದ ವ್ಯಾಜ್ಯವು ಎರಡನೆಯದು. ನಿಧಿಯು ಅದೃಷ್ಟದ ಮಾತು. ನಿಕ್ಷೇಪವು ನಂಬಿಕೆಯ ಮಾತು. ಆದರೆ ಮಣ್ಣಿನಿಂದ ಮೇಲಕ್ಕೆ ಬಂದ ಗಡಿಗೆಯ ಮೇಲೆ ಇದು ನಿಧಿ, ಇದು ನಿಕ್ಷೇಪ ಎಂದು ಯಾರೂ ಬರೆದಿಟ್ಟಿರುವುದಿಲ್ಲ. ಆ ಭೇದವು ಅಗೆಯುವವನ ಮನಸ್ಸಿನಲ್ಲಿರತಕ್ಕದ್ದು. ಹಾಗಾದರೆ ನೆಲದೊಳಗಿರುವುದನ್ನು ಮನುಷ್ಯನು ಯಾವ ಭಾವದಿಂದ ನೋಡಬೇಕು? ಒಡೆಯನು ಕಾಣದಿರುವುದರಿಂದ ಅದು ಸಿಕ್ಕಿದವನದೆಂದೋ, ಅಥವಾ ಒಡೆಯನು ಕಾಣದಿದ್ದರೂ ತನ್ನನ್ನು ನಂಬಿ ಇರಿಸಿದ್ದೆಂದೋ? ಮೇಲೆ ನೋಡಿದರೆ ಇದು ಶಬ್ದಾರ್ಥದ ಪ್ರಶ್ನೆಯಂತೆ ತೋರುತ್ತದೆ. ವಾಸ್ತವವಾಗಿ ಇದು ನಡತೆಯ ಪ್ರಶ್ನೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಈ ಪ್ರಶ್ನೆಯು ಕೇವಲ ಪುಸ್ತಕದ್ದಲ್ಲ. ತೆಂಗಿನ ತೋಟಗಳೂ ಕೆರೆಗಳೂ ರಾಗಿಯ ಹೊಲಗಳೂ ಒಂದರ ಮಗ್ಗುಲಿಗೊಂದು ಹರಡಿರುವ ಈ ಪ್ರದೇಶವು ಬಹಳ ಹಿಂದಿನಿಂದ ಜನವಸತಿಯುಳ್ಳದ್ದು. ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯವು ೯ನೆಯ ಶತಮಾನದ್ದು. ಅದರ ಭುವನೇಶ್ವರಿಯಲ್ಲಿ ನರ್ತಿಸುವ ಶಿವನನ್ನು ನೋಡಲು ದೂರದಿಂದ ಜನರು ಬರುವರು. ತುರುವೇಕೆರೆಯ ಚೆನ್ನಕೇಶವ ದೇವಾಲಯವು ಹೊಯ್ಸಳರ ಕಾಲದ ೧೩ನೆಯ ಶತಮಾನಕ್ಕೆ ಸೇರಿದುದು. ಊರೂರಿನಲ್ಲಿಯೂ ಶಾಸನಗಳು, ವೀರಗಲ್ಲುಗಳು, ಮಾಸ್ತಿಕಲ್ಲುಗಳು. ಬಿ. ಎಲ್. ರೈಸರು ೧೯೦೪ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ೧೨ನೆಯ ಸಂಪುಟವು ತುಮಕೂರು ಜಿಲ್ಲೆಯ ಶಾಸನಗಳಿಗೆಂದೇ ಮೀಸಲಾಗಿದೆ. ಇಷ್ಟು ಹಳೆಯ ನೆಲದಲ್ಲಿ ಏನಾದರೂ ಹುದುಗಿರಲೇಬೇಕೆಂದು ಜನರು ಭಾವಿಸುವುದು ಆಶ್ಚರ್ಯವಲ್ಲ. ದಂಡು ದಾಳಿಗಳ ಕಾಲದಲ್ಲಿ ಬ್ಯಾಂಕುಗಳಿರಲಿಲ್ಲ. ಇದ್ದದ್ದನ್ನು ಹೂತಿಟ್ಟು ಓಡಿಹೋದವರಲ್ಲಿ ಎಲ್ಲರೂ ಹಿಂದಿರುಗಿ ಬರಲಿಲ್ಲ.

ಇದರಿಂದಾಗಿ ನಿಧಿಯ ಕಥೆಗಳು ಹುಟ್ಟಿದವು. ಏಳು ಕೊಪ್ಪರಿಗೆ ಹೊನ್ನು, ಅದನ್ನು ಕಾಯುವ ಸರ್ಪ, ಅಂಜನ ಹಾಕಿ ನೋಡುವ ಮಂತ್ರವಾದಿ, ಅಮಾವಾಸ್ಯೆಯ ರಾತ್ರಿಯ ಬಲಿ, ಇವು ಕನ್ನಡ ನಾಡಿನ ಯಾವ ಹಳ್ಳಿಗೂ ಹೊಸತಲ್ಲ. ಕಥೆಗಳು ಕಥೆಗಳಾಗಿಯೇ ಉಳಿದಿದ್ದರೆ ಕೇಡಿರಲಿಲ್ಲ. ಆದರೆ ಪಾಳುಗುಡಿಗಳಲ್ಲಿ ನಂದಿಯ ವಿಗ್ರಹವನ್ನು ಪಕ್ಕಕ್ಕುರುಳಿಸಿ, ಪೀಠವನ್ನೊಡೆದು, ಗರ್ಭಗೃಹದ ನೆಲವನ್ನು ಅಗೆದುಹೋಗಿರುವ ನಿಧಿಗಳ್ಳರ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಈಗಲೂ ಬರುತ್ತಲೇ ಇದೆ. ಶಾಸನದ ಕಲ್ಲಿನಲ್ಲಿ ನಿಧಿಯ ಗುಟ್ಟು ಬರೆದಿದೆಯೆಂದು ನಂಬಿ ಆ ಕಲ್ಲನ್ನೇ ಸೀಳಿದವರುಂಟು. ಇದರಲ್ಲಿರುವ ವಿಪರ್ಯಾಸವನ್ನು ಗಮನಿಸಬೇಕು. ಶಾಸನದಲ್ಲಿ ನಿಧಿಯೆಂಬ ಪದವು ಇರುವುದು ನಿಜ. ಆದರೆ ಅದು ಇಂಥಲ್ಲಿ ಅಗೆಯೆಂದು ಹೇಳುವುದಿಲ್ಲ, ಈ ನೆಲವೂ ನೆಲದೊಳಗಿನದೂ ಇಂಥ ಧರ್ಮಕ್ಕೆ ಸೇರಿದ್ದು, ಯಾರೂ ಕೈಹಾಕಕೂಡದೆಂದು ಹೇಳುತ್ತದೆ. ಅರೆಯೋದು ಬಲ್ಲವನು ನಿಷೇಧವನ್ನು ಆಹ್ವಾನವೆಂದು ಓದಿಕೊಳ್ಳುತ್ತಾನೆ.

ನಿಧಿಯ ಆಸೆಯು ಮನುಷ್ಯನನ್ನು ಏನು ಮಾಡುತ್ತದೆಂಬುದನ್ನು ತಿಳಿಯಲು ಭೂಮಿಯನ್ನು ಅಳೆಯುವವನ ನಿದರ್ಶನವು ಅನುಕೂಲವಾದುದು. ನೆಲದೊಡನೆ ಅವನಿಗಿರುವ ಸಂಬಂಧವು ವಿಚಿತ್ರವಾದುದು. ರೈತನಿಗೆ ತನ್ನ ಹೊಲವಷ್ಟೇ ಚೆನ್ನಾಗಿ ಗೊತ್ತು. ಮೋಜಣಿದಾರನಿಗೆ ಎಲ್ಲರ ಹೊಲವೂ ಗೊತ್ತು. ಆದರೆ ಯಾವುದೂ ಅವನದಲ್ಲ. ಮೈಸೂರು ಸೀಮೆಯಲ್ಲಿ ಕಂದಾಯದ ಮೋಜಣಿಯು ೧೮೬೩ರಲ್ಲಿ ಪ್ರಾರಂಭವಾಯಿತು. ೩೩ ಅಡಿ ಉದ್ದದ ಸರಪಳಿ, ಅದರಲ್ಲಿ ೧೬ ಆಣೆಗಳು. ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲದ ನೆಲವು ಒಂದು ಗುಂಟೆ. ೪೦ ಗುಂಟೆಗೆ ಒಂದು ಎಕರೆ. ಈ ಲೆಕ್ಕವನ್ನು ಹೊತ್ತುಕೊಂಡು ಬಿಸಿಲಿನಲ್ಲಿ ಬದುವಿನಿಂದ ಬದುವಿಗೆ ನಡೆದು, ಬಾಂದುಕಲ್ಲುಗಳನ್ನು ನೆಡಿಸಿ, ಟಿಪ್ಪಣಿಯನ್ನು ಬರೆಯುವುದು ಅವನ ವೃತ್ತಿ. ಬೇಚಿರಾಕ್ ಗ್ರಾಮಗಳು, ಬಿದ್ದ ಕೋಟೆಗಳು, ಪೊದೆಗಳ ನಡುವಣ ವೀರಗಲ್ಲುಗಳು ಅವನ ಕಣ್ಣಿಗೆ ಬೀಳುವಷ್ಟು ಇನ್ನಾರ ಕಣ್ಣಿಗೂ ಬೀಳುವುದಿಲ್ಲ.

ಇಂಥವನೊಬ್ಬನಿಗೆ ಎಲ್ಲಿಯೋ ಒಂದು ಹಳೆಯ ನಾಣ್ಯವು ಸಿಕ್ಕಿತೆಂದೂ ಅಂದಿನಿಂದ ಅವನು ಹೂತ ಧನವನ್ನು ಹುಡುಕುವುದರಲ್ಲಿಯೇ ಆಯುಸ್ಸನ್ನು ಕಳೆದನೆಂದೂ ಭಾವಿಸಿಕೊಳ್ಳಬಹುದು. ಮೊದಲು ಅವನು ರಜೆಯ ದಿನಗಳಲ್ಲಿ ಹುಡುಕುತ್ತಾನೆ. ಆಮೇಲೆ ಸಾಲ ಮಾಡಿ ಹುಡುಕುತ್ತಾನೆ. ಒಂದು ಸೋಲು ಅವನನ್ನು ನಿಲ್ಲಿಸುವುದಿಲ್ಲ. ಇನ್ನೊಂದು ಮೊಳ ಅಗೆದಿದ್ದರೆ ಸಿಕ್ಕುತ್ತಿತ್ತೆಂಬ ಸಮಾಧಾನವು ಪ್ರತಿಯೊಂದು ಗುಂಡಿಯ ತಳದಲ್ಲಿಯೂ ಅವನಿಗಾಗಿ ಕಾದಿರುತ್ತದೆ. ಕ್ರಮೇಣ ಅವನ ನೋಟವೇ ಬೇರೆಯಾಗುತ್ತದೆ. ಶಾಸನವು ಅವನಿಗೆ ಓದಬೇಕಾದ ಮಾತಲ್ಲ, ಬಿಡಿಸಬೇಕಾದ ಒಗಟು. ನಂದಿಯು ಪೂಜೆಯ ವಿಗ್ರಹವಲ್ಲ, ಮುಚ್ಚಳ. ನೆರೆಯವನು ನೆರೆಯವನಲ್ಲ, ಪಾಲು ಕೇಳಬಹುದಾದವನು. ಧನವು ಸಿಕ್ಕದೆ ಹೋದದ್ದು ಅವನ ದೊಡ್ಡ ನಷ್ಟವಲ್ಲ. ಅಳೆಯುವವನಾಗಿ ಅವನಿಗೆ ಸಹಜವಾಗಿ ಒದಗಿದ್ದ ಸಂಪತ್ತು, ಎಂದರೆ ಇದ್ದುದನ್ನು ಇದ್ದಹಾಗೆ ನೋಡುವ ಶಕ್ತಿ, ಅದು ಹೋಯಿತು, ಅದೇ ನಷ್ಟ.

ಆದರೂ ನಿಧಿಯನ್ನು ಹುಡುಕುವವನ ಪರವಾಗಿ ಹೇಳಬಹುದಾದುದನ್ನು ಹೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಅವನ ವಾದವು ಮೂರು ಬಗೆಯಾಗಿರಬಹುದು. ಹೂತಿಟ್ಟವನು ಸತ್ತು ಶತಮಾನಗಳಾದವು. ತೆಗೆದುಕೊಂಡರೆ ಯಾರಿಗೂ ನಷ್ಟವಿಲ್ಲ ಎಂಬುದು ಒಂದು. ಮಣ್ಣಿನಲ್ಲಿ ಬಿದ್ದಿರುವ ಹೊನ್ನು ಯಾರಿಗೂ ಉಪಯೋಗವಿಲ್ಲ. ಮೇಲೆ ಬಂದರೆ ಒಬ್ಬನಿಗಾದರೂ ಉಪಯೋಗವಾಗುತ್ತದೆ ಎಂಬುದು ಎರಡು. ಆಸ್ತಿಯುಳ್ಳವರಲ್ಲಿ ಎಷ್ಟೋ ಮಂದಿಗೆ ಅದು ಹುಟ್ಟಿನ ಅದೃಷ್ಟದಿಂದ ಬಂದದ್ದೇ ಆಗಿರುವಾಗ, ಬಡವನಿಗೆ ನೆಲದ ಅದೃಷ್ಟವೇಕೆ ಬೇಡ ಎಂಬುದು ಮೂರು. ಇವುಗಳಲ್ಲಿ ಮೂರನೆಯ ಮಾತು ಬಹಳ ಬಲವಾದುದು. ಮೂರು ತಲೆಮಾರು ಇನ್ನೊಬ್ಬರ ತೋಟದಲ್ಲಿ ಕಾಯಿ ಕೆಡವಿದವನು ಒಂದು ರಾತ್ರಿ ಗುದ್ದಲಿಯನ್ನು ಹಿಡಿದರೆ, ಅವನ ಆಸೆಯನ್ನು ಹಳಿಯುವ ಮೊದಲು ಅವನ ಹಸಿವನ್ನು ವಿಚಾರಿಸಬೇಕು.

ಈ ವಾದಗಳಿಗೆ ಧರ್ಮಶಾಸ್ತ್ರವೂ ಈಚಿನ ಕಾಯಿದೆಯೂ ಕೊಟ್ಟಿರುವ ಉತ್ತರವು ಮನನ ಮಾಡತಕ್ಕದ್ದು. ಒಡೆಯನು ಕಾಣದ ಸೊತ್ತನ್ನು ಅರಸನು ಮೂರು ವರ್ಷ ಕಾಪಾಡಿಕೊಂಡಿರಬೇಕು, ಅಷ್ಟರೊಳಗೆ ಒಡೆಯನು ಬಂದರೆ ಕೊಡಬೇಕು ಎಂದು ಮನುಸ್ಮೃತಿಯ ವಿಧಿ. ನಿಧಿಯನ್ನು ಕಂಡು ತಿಳಿಸಿದವನಿಗೆ ಆರನೆಯ ಒಂದು ಪಾಲು ಸಲ್ಲಬೇಕೆಂದು ಕೌಟಿಲ್ಯನು ಹೇಳುತ್ತಾನೆ. ಬ್ರಿಟಿಷರ ಆಳ್ವಿಕೆಯಲ್ಲಿ ೧೮೭೮ರಲ್ಲಿ ಆದ ನಿಧಿ ಕಾಯಿದೆಯ ಪ್ರಕಾರ ೧೦ ರೂಪಾಯಿಗೆ ಮೀರಿದ ಬೆಲೆಯ ನಿಧಿ ಸಿಕ್ಕಿದವನು ಕಲೆಕ್ಟರಿಗೆ ತಿಳಿಸಬೇಕು. ಕಲೆಕ್ಟರನು ಪ್ರಕಟಣೆ ಹೊರಡಿಸಿ ನಾಲ್ಕು ತಿಂಗಳಿಗೆ ಕಡಮೆಯಿಲ್ಲದ ಅವಧಿಯನ್ನು ಕೊಟ್ಟು ಹಕ್ಕುದಾರರಿಗಾಗಿ ಕಾಯಬೇಕು. ಯಾರೂ ಬಾರದಿದ್ದರೆ ಕಂಡವನಿಗೆ ಮುಕ್ಕಾಲು, ನೆಲದ ಒಡೆಯನಿಗೆ ಕಾಲು. ೧೯೬೨ರಲ್ಲಿ ರಾಜ್ಯವು ತನ್ನದೇ ಆದ ನಿಧಿ ಕಾಯಿದೆಯನ್ನು ಮಾಡಿಕೊಂಡಿತು. ಪಾಲುಗಳು ಕಾಲಕ್ಕೆ ತಕ್ಕಂತೆ ಬೇರೆಬೇರೆಯಾಗಿವೆ. ಆದರೆ ಎಲ್ಲೆಲ್ಲಿಯೂ ಕ್ರಮವು ಒಂದೇ: ಮೊದಲು ತಿಳಿಸು, ಆಮೇಲೆ ಕಾಯಿ, ಆಮೇಲೆ ಪಡೆ. ಎಂದರೆ, ಸಿಕ್ಕಿದ್ದನ್ನು ಮೊದಲು ನಿಕ್ಷೇಪವೆಂದು ಭಾವಿಸಬೇಕು. ಒಡೆಯನಿಲ್ಲವೆಂದು ಸ್ಥಿರವಾದ ಮೇಲೆಯೇ ಅದು ನಿಧಿಯಾಗತಕ್ಕದ್ದು. ಬಡವನ ಅದೃಷ್ಟಕ್ಕೆ ಇಲ್ಲಿ ಅಡ್ಡಿಯಿಲ್ಲ, ಗುಟ್ಟಿಗೆ ಅಡ್ಡಿಯುಂಟು.

ಗುಟ್ಟು ಎಂಬುದೇ ಇಲ್ಲಿಯ ಮರ್ಮ. ಮೋಜಣಿದಾರನು ಹೊಲವನ್ನಳೆಯುವ ಮೊದಲು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟೀಸು ಕೊಡುತ್ತಾನೆ. ಹಗಲಿನಲ್ಲಿ, ಪಂಚರ ಎದುರಿನಲ್ಲಿ ಸರಪಳಿಯನ್ನು ಹಿಡಿಯುತ್ತಾನೆ. ಬರೆದುದಕ್ಕೆ ರುಜು ಹಾಕಿಸುತ್ತಾನೆ. ಅದೇ ಮನುಷ್ಯನು ನಿಧಿಗೆ ಹೊರಟರೆ ಕತ್ತಲೆಯನ್ನೂ ದೂರದ ಹಾದಿಯನ್ನೂ ಆರಿಸಿಕೊಳ್ಳುತ್ತಾನೆ. ಎರಡೂ ಸಂದರ್ಭಗಳಲ್ಲಿ ನೆಲ ಅದೇ, ಕಾಲು ಅದೇ. ನೆರೆಯವನಿಗೆ ಹೇಳಿ ಮಾಡಲಾಗದ ಕೆಲಸವನ್ನು ಮಾಡುವಾಗ, ಒಡೆಯನಿಲ್ಲವೆಂಬ ತನ್ನ ವಾದವನ್ನು ಅವನೇ ನಂಬಿರುವುದಿಲ್ಲ. ಆದುದರಿಂದ ಮೊದಲನೆಯ ವಾದವು ಅಲ್ಲಿಗೆ ಬಿದ್ದುಹೋಗುತ್ತದೆ. ಎರಡನೆಯ ವಾದದ ಗತಿಯೇನೆಂಬುದನ್ನು ಮೈಸೂರು ಸೀಮೆಯನ್ನು ನಿಜವಾಗಿ ಅಳೆದ ಇಬ್ಬರ ಚರಿತ್ರೆಯಿಂದ ತಿಳಿಯಬಹುದು.

ಮೊದಲನೆಯವನು ಲೆಫ್ಟಿನೆಂಟ್ ಜಾನ್ ವಾರೆನ್. ಶ್ರೀರಂಗಪಟ್ಟಣವು ಬಿದ್ದ ಬಳಿಕ ನಡೆದ ಮೋಜಣಿಯಲ್ಲಿ ಇವನು ೧೮೦೨ರಲ್ಲಿ ರಾಜ್ಯದ ಪೂರ್ವದ ಎಲ್ಲೆಯನ್ನು ಗುರುತಿಸುತ್ತಿದ್ದನು. ಕೋಲಾರದ ಕಡೆಯ ನೆಲದಲ್ಲಿ ಚಿನ್ನವಿದೆಯೆಂಬ ಜನರ ಮಾತು ಅವನ ಕಿವಿಗೆ ಬಿತ್ತು. ತೋರಿಸಿಕೊಟ್ಟವರಿಗೆ ಬಹುಮಾನ ಕೊಡುವುದಾಗಿ ಅವನು ಸಾರಿದನು. ಹಳ್ಳಿಯವರು ಗಾಡಿಯಲ್ಲಿ ಮಣ್ಣನ್ನು ತುಂಬಿ ತಂದು ಅವನ ಎದುರಿನಲ್ಲಿಯೇ ತೊಳೆದು ಚಿನ್ನದ ಪುಡಿಯನ್ನು ತೆಗೆದು ತೋರಿಸಿದರು. ವಾರೆನ್ ಅದನ್ನು ಬಚ್ಚಿಡಲಿಲ್ಲ. ಕಂಡದ್ದನ್ನು ಬರೆದು ಸರ್ಕಾರಕ್ಕೊಪ್ಪಿಸಿ ತನ್ನ ದಾರಿಯನ್ನು ಹಿಡಿದನು. ಮುಂದೆ ಮದರಾಸಿನ ನಕ್ಷತ್ರಶಾಲೆಯಲ್ಲಿ ಕೆಲಸ ಮಾಡಿ, ದಕ್ಷಿಣ ದೇಶದ ಪಂಚಾಂಗಗಣಿತವನ್ನು ಕಲಿತು, ೧೮೨೫ರಲ್ಲಿ ‘ಕಾಲಸಂಕಲಿತ’ವೆಂಬ ಗ್ರಂಥವನ್ನು ಪ್ರಕಟಿಸಿದನು. ಚಿನ್ನವನ್ನು ಕಣ್ಣಾರೆ ಕಂಡವನು ತಿಥಿ ನಕ್ಷತ್ರಗಳ ಲೆಕ್ಕದಲ್ಲಿ ಸುಖಪಟ್ಟನೆಂಬುದು ಸಾಮಾನ್ಯ ಸಂಗತಿಯಲ್ಲ.

ವಾರೆನ್ನನ ಬರಹವನ್ನು ದಶಕಗಳ ಮೇಲೆ ಓದಿದವನು ಬೆಂಗಳೂರಿನ ದಂಡಿನಲ್ಲಿದ್ದ ನಿವೃತ್ತ ಸಿಪಾಯಿ ಮೈಕೇಲ್ ಲವೆಲ್. ೧೮೭೧ರಲ್ಲಿ ಅವನು ಎತ್ತಿನ ಗಾಡಿಯಲ್ಲಿ ಕೋಲಾರದ ಕಡೆಗೆ ಹೊರಟು ನೆಲವನ್ನು ಪರೀಕ್ಷಿಸಿದನು. ೧೮೭೩ರಲ್ಲಿ ಗಣಿಯ ಹಕ್ಕಿಗಾಗಿ ಸರ್ಕಾರವನ್ನು ಕೇಳಿಕೊಂಡನು. ಬಂಡವಾಳ ಸಾಲದೆ ಆ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾಯಿತು. ೧೮೮೦ರಿಂದ ಜಾನ್ ಟೇಲರ್ ಕಂಪೆನಿಯವರು ಕೆಲಸವನ್ನು ನಡೆಸಿದರು. ಗಣಿಗಳು ೩ ಕಿಲೋಮೀಟರಿಗೂ ಆಳಕ್ಕೆ ಇಳಿದವು. ಸುಮಾರು ೮೦೦ ಟನ್ ಚಿನ್ನವು ಹೊರಬಂತು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದವು. ಈ ಸಂಪತ್ತು ಕತ್ತಲೆಯಲ್ಲಿ ಕದ್ದದ್ದಲ್ಲ. ಕಾಯಿದೆಗೆ ಸರಿಯಾಗಿ ತೆಗೆದದ್ದು. ಉಪಯೋಗವಿಲ್ಲದೆ ಬಿದ್ದಿದ್ದ ಹೊನ್ನು ಉಪಯೋಗಕ್ಕೆ ಬಂದದ್ದೂ ಸುಳ್ಳಲ್ಲ. ಆದರೂ ಇಂದು ಆ ಊರಿಗೆ ಹೋದವರಿಗೆ ಮೊದಲು ಕಾಣುವುದು ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಸಯನೈಡ್ ಬೆರೆತ ಮಣ್ಣಿನ ಗುಡ್ಡಗಳು. ಗಾಳಿ ಬೀಸಿದಾಗ ಆ ದೂಳು ಮನೆಗಳ ಮೇಲೆ ಬೀಳುತ್ತದೆ. ಅಷ್ಟಭೋಗಗಳಲ್ಲಿ ‘ಆಗಾಮಿ’ ಎಂಬ ಪದವೊಂದಿದೆಯಷ್ಟೆ. ಮುಂದೆ ಬರತಕ್ಕದ್ದು ಎಂದು ಅದರ ಅರ್ಥ. ನಿಧಿಯನ್ನು ತೆಗೆಯುವಾಗ ಆಗಾಮಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಉಪಯೋಗವೆಂಬ ವಾದಕ್ಕೆ ಉತ್ತರವು ಇಷ್ಟೆ: ಉಪಯೋಗವು ಯಾರಿಗೆ, ಎಷ್ಟು ಕಾಲ, ಉಳಿದವರಿಗೆ ಏನನ್ನು ಬಿಟ್ಟು, ಎಂದು ಕೇಳದೆ ಆ ಮಾತನ್ನಾಡುವ ಹಾಗಿಲ್ಲ.

ಎರಡನೆಯವನು ಕಾಲಿನ್ ಮೆಕೆಂಜಿ. ಸ್ಕಾಟ್ಲೆಂಡಿನ ಒಂದು ದ್ವೀಪದಲ್ಲಿ ಹುಟ್ಟಿ ೧೭೮೩ರಲ್ಲಿ ಇಂಡಿಯಾಕ್ಕೆ ಬಂದ ಇವನು ೧೭೯೯ರ ಯುದ್ಧವಾದ ಮೇಲೆ ಸುಮಾರು ಹತ್ತು ವರ್ಷಗಳ ಕಾಲ ಮೈಸೂರು ಸೀಮೆಯನ್ನು ಅಳೆಯಿಸಿದನು. ಆ ಮೋಜಣಿಯು ಸುಮಾರು ೪೦,೦೦೦ ಚದರ ಮೈಲಿಗಳಷ್ಟು ನೆಲವನ್ನು ಒಳಗೊಂಡಿತ್ತು. ೧೮೧೫ರಲ್ಲಿ ಅವನು ಇಂಡಿಯಾದ ಮೊದಲನೆಯ ಸರ್ವೇಯರ್ ಜನರಲ್ ಆದನು, ೧೮೨೧ರಲ್ಲಿ ತೀರಿಕೊಂಡನು. ನೆಲವನ್ನಳೆಯುವವನೊಬ್ಬನು ಹುದುಗಿದ ಧನಕ್ಕಾಗಿ ಜೀವಮಾನವೆಲ್ಲ ಹುಡುಕಿದನೆಂಬ ಮಾತು ಯಾರಿಗಾದರೂ ಸಲ್ಲುವುದಾದರೆ ಇವನಿಗೆ ಸಲ್ಲಬೇಕು. ಆದರೆ ಅವನು ಹುಡುಕಿದ ಧನವು ತಾಳೆಯೋಲೆ, ಕಡತ, ಶಾಸನ, ನಾಣ್ಯ, ಊರಿನ ವೃತ್ತಾಂತ. ಅವನ ಸಂಗ್ರಹದಲ್ಲಿ ೮,೦೦೦ಕ್ಕೂ ಹೆಚ್ಚು ಶಾಸನಗಳ ಪ್ರತಿಗಳೂ ೬,೦೦೦ಕ್ಕೂ ಹೆಚ್ಚು ನಾಣ್ಯಗಳೂ ಇದ್ದವು. ಊರೂರಿನ ಶಾನುಭೋಗರಿಂದಲೂ ಹಿರಿಯರಿಂದಲೂ ಬರೆಯಿಸಿದ ಕೈಫಿಯತ್ತುಗಳು ಕನ್ನಡ ನಾಡಿನ ಚರಿತ್ರೆಗೆ ಆಧಾರಗಳಾಗಿವೆ, ಎಂ. ಎಂ. ಕಲಬುರ್ಗಿಯವರು ಅವುಗಳನ್ನು ಸಂಪಾದಿಸಿ ಓದುಗರ ಕೈಗಿತ್ತಿದ್ದಾರೆ.

ಈ ಕೆಲಸವನ್ನು ಮೆಕೆಂಜಿಯೊಬ್ಬನೇ ಮಾಡಿದನೆಂದರೆ ಅನ್ಯಾಯವಾದೀತು. ಈ ದೇಶದ ಭಾಷೆಗಳಲ್ಲಿ ಅವನಿಗೆ ಸಾಕಷ್ಟು ಪರಿಚಯವಿರಲಿಲ್ಲ. ಅದನ್ನು ಅವನೇ ಒಪ್ಪಿಕೊಂಡಿದ್ದಾನೆ. ೧೮೦೩ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡ ಕಾವಲಿ ವೆಂಕಟ ಬೊರ್ರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಹಳಗನ್ನಡದ ಶಾಸನಗಳನ್ನು ಓದಬಲ್ಲವನಾಗಿದ್ದ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದವರು ಅವನ ಕಣ್ಣೂ ನಾಲಗೆಯೂ ಆಗಿದ್ದರು. ಇಲ್ಲಿ ಗಮನಿಸಬೇಕಾದ ಅಂಶವಿದು: ನಿಧಿಯನ್ನು ಹುಡುಕುವವನಿಗೆ ಜೊತೆಗಾರನು ಹೆಚ್ಚಿದಷ್ಟೂ ಪಾಲು ಕಡಮೆಯಾಗುತ್ತದೆ, ಇವರ ಹುಡುಕಾಟದಲ್ಲಿ ಜೊತೆಗಾರನು ಹೆಚ್ಚಿದಷ್ಟೂ ಸಿಕ್ಕುವುದು ಹೆಚ್ಚುತ್ತಿತ್ತು. ಶಾಸನವನ್ನು ಒಬ್ಬನು ಓದಿದರೆ ಇನ್ನೊಬ್ಬನಿಗೆ ಅದು ಕಡಮೆಯಾಗುವುದಿಲ್ಲ.

ಈ ಎರಡು ಬಗೆಯ ಹುಡುಕಾಟಗಳು ಒಂದೇ ದಿಬ್ಬದ ಮೇಲೆ ಸಂಧಿಸಿದ ಸಂಗತಿಯೊಂದು ಕನ್ನಡ ನಾಡಿನ ಹೊರಗೆ, ಕೃಷ್ಣಾ ತೀರದ ಅಮರಾವತಿಯಲ್ಲಿ ನಡೆಯಿತು. ಅಲ್ಲಿನ ಜಮೀನುದಾರನು ಹೊಸ ಪಟ್ಟಣವನ್ನು ಕಟ್ಟಿಸುವಾಗ ಕಲ್ಲಿಗಾಗಿಯೂ ನಿಧಿಯ ಆಸೆಯಿಂದಲೂ ಒಂದು ದೊಡ್ಡ ದಿಬ್ಬವನ್ನು ಅಗೆಯಿಸಿದನು. ಅದು ಬೌದ್ಧರ ಮಹಾಸ್ತೂಪವಾಗಿತ್ತು. ೧೭೯೭ರ ಸುಮಾರಿನಲ್ಲಿ ಮೆಕೆಂಜಿ ಅದನ್ನು ನೋಡಿದನು. ೧೮೧೬ರಲ್ಲಿ ಮತ್ತೆ ಬಂದಾಗ ದಿಬ್ಬದ ನಡುವೆ ಒಂದು ಕೊಳವನ್ನು ತೋಡಿದ್ದರು. ಉಳಿದ ಶಿಲ್ಪಗಳನ್ನು ಅವನು ತನ್ನ ಸಹಾಯಕರಿಂದ ಅಳತೆಗೆ ಸರಿಯಾಗಿ ಬರೆಯಿಸಿದನು. ಹಾಲುಗಲ್ಲಿನ ಎಷ್ಟೋ ಹಲಗೆಗಳು ಸುಣ್ಣದ ಗೂಡಿಗೆ ಹೋದವು. ಅವುಗಳಲ್ಲಿ ಕೆಲವಕ್ಕೆ ಆ ಚಿತ್ರಗಳ ಹೊರತು ಇಂದು ಬೇರೆ ಗುರುತಿಲ್ಲ. ಒಬ್ಬನು ನಿಧಿಯೆಂದು ಅಗೆದನು, ಇನ್ನೊಬ್ಬನು ನಿಕ್ಷೇಪವೆಂದು ಬರೆದಿಟ್ಟನು. ಮೊದಲನೆಯವನ ಕೈಗೆ ಸಿಕ್ಕಿದ್ದೂ ನಿಲ್ಲಲಿಲ್ಲ. ಎರಡನೆಯವನು ಬರೆಯಿಸಿದ್ದು ನಿಂತಿತು.

ಇಲ್ಲಿ ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು, ಎತ್ತಬೇಕಾದದ್ದೇ. ಮೆಕೆಂಜಿಯ ಸಂಗ್ರಹವಾದರೂ ಎಲ್ಲಿಗೆ ಹೋಯಿತು? ಅವನು ಸತ್ತ ಮೇಲೆ ಕುಂಪಣಿ ಸರ್ಕಾರವು ಅವನ ಹೆಂಡತಿಯಿಂದ ಅದನ್ನು ಒಂದು ಲಕ್ಷ ರೂಪಾಯಿಗೆ ಕೊಂಡುಕೊಂಡಿತು. ಒಂದಷ್ಟು ಭಾಗ ಮದರಾಸಿನಲ್ಲಿ ಉಳಿಯಿತು. ಒಂದಷ್ಟು ಲಂಡನ್ನಿಗೆ ಹೋಯಿತು. ಅಮರಾವತಿಯ ಕಲ್ಲುಗಳಲ್ಲಿ ಅನೇಕವು ಕಾಲಾಂತರದಲ್ಲಿ ಅಲ್ಲಿಗೇ ಸೇರಿದವು. ಹಳ್ಳಿಯ ಮನೆಯಿಂದ ಓಲೆಯ ಕಟ್ಟನ್ನು ಕೊಟ್ಟವರಿಗೆ ಅದು ಎಲ್ಲಿಗೆ ಹೋಗುವುದೆಂದು ತಿಳಿದಿರಲಾರದು. ಗೆದ್ದ ಸರ್ಕಾರದ ಅಧಿಕಾರಿಯು ಕೇಳಿದರೆ ಇಲ್ಲವೆನ್ನುವ ಧೈರ್ಯವು ಎಷ್ಟು ಜನಕ್ಕಿದ್ದೀತು? ಈ ಆಕ್ಷೇಪವು ಸುಳ್ಳಲ್ಲ. ಜ್ಞಾನದ ಹೆಸರಿನಲ್ಲಿ ತೆಗೆದುಕೊಂಡದ್ದೂ ನಿಕ್ಷೇಪವೇ. ಅದನ್ನು ಹಿಂದಿರುಗಿಸುವ ಹೊಣೆಯು ಪಡೆದವನ ಮೇಲಿರುತ್ತದೆ. ಓ‌ಲೆಯ ಮಾತುಗಳು ಮುದ್ರಣವಾಗಿ ಅವು ಹೊರಟ ಊರುಗಳಿಗೆ ಮರಳಿ ಬಂದಷ್ಟರ ಮಟ್ಟಿಗೆ ಆ ಹೊಣೆಯು ತೀರಿತು. ಬಾರದೆ ಉಳಿದಷ್ಟು ಇನ್ನೂ ಸಾಲದ ಲೆಕ್ಕದಲ್ಲಿದೆ. ಮೆಕೆಂಜಿಯನ್ನು ಹೊಗಳುವವರೂ ತೆಗಳುವವರೂ ಈ ಒಂದೇ ಅಳತೆಗೋಲನ್ನು ಹಿಡಿಯಬೇಕು.

ಈಗ ಮತ್ತೆ ತೆಂಗಿನ ಸೀಮೆಗೆ ಬರಬಹುದು. ಇಲ್ಲಿನ ಗೃಹಸ್ಥರಲ್ಲಿ ಹೆಚ್ಚಿನವರು ಕತ್ತಲೆಯಲ್ಲಿ ಗುದ್ದಲಿ ಹಿಡಿದು ಹೊರಡುವವರಲ್ಲ. ನಿಧಿಗಳ್ಳರ ಸುದ್ದಿಯನ್ನು ಓದಿ ಛೀ ಎನ್ನುವವರು. ಆದರೆ ಅಷ್ಟಭೋಗಗಳ ಸರಣಿಯು ನಿಧಿ ನಿಕ್ಷೇಪಗಳಿಗೆ ನಿಲ್ಲುವುದಿಲ್ಲ. ಅದರ ಮುಂದಿನ ಪದಗಳು ಜಲ ಮತ್ತು ಪಾಷಾಣ. ಚಿಕ್ಕನಾಯಕನಹಳ್ಳಿಯ ಬೆಟ್ಟಗಳಲ್ಲಿ ಕಬ್ಬಿಣವೂ ಮ್ಯಾಂಗನೀಸೂ ಇವೆ. ಅಲ್ಲಿ ಅದಿರನ್ನು ತೆಗೆದ ರೀತಿಯ ವಿಷಯವಾಗಿ ದೂರುಗಳು ಹೆಚ್ಚಿ, ೨೦೧೧ರ ಆಗಸ್ಟ್ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳ ಗಣಿಗಳನ್ನು ನಿಲ್ಲಿಸಿತು. ಮುಂದೆ ಕರ್ನಾಟಕದ ಕೆಲವು ಗಣಿಗಳಿಗೆ ಕಟ್ಟುಪಾಡುಗಳೊಡನೆ ಮಾತ್ರ ಅನುಮತಿ ಸಿಕ್ಕಿತು. ಜಲದ ಸಂಗತಿಯು ಇನ್ನೂ ಹತ್ತಿರದ್ದು. ಕೆರೆಯ ನೀರೂ ತೆರೆದ ಬಾವಿಯ ನೀರೂ ಸಾಲದೆ ತೋಟಗಳಲ್ಲಿ ಕೊಳವೆಬಾವಿಗಳು ಬಂದವು. ಅವು ನೂರಾರು ಅಡಿಗಳ ಆಳಕ್ಕೆ ಇಳಿದಿವೆ. ನೀರು ನೋಡುವವನು ಅಂಗೈಯ ಮೇಲೆ ತೆಂಗಿನಕಾಯಿಯನ್ನಿಟ್ಟುಕೊಂಡು ತೋಟದಲ್ಲಿ ನಡೆಯುತ್ತಾನೆ. ಕಾಯಿ ಎದ್ದು ನಿಂತಲ್ಲಿ ಕೊರೆಯಿಸುತ್ತಾರೆ. ಒಂದು ಬತ್ತಿದರೆ ಇನ್ನೊಂದು. ಅದೂ ಬತ್ತಿದರೆ ಇನ್ನೂ ನೂರು ಅಡಿ. ಅಂಜನ ಹಾಕುವವನನ್ನು ನೋಡಿ ನಕ್ಕವರು ಇಲ್ಲಿ ಸಾಲ ಮಾಡಿ ನಂಬುತ್ತಾರೆ. ನಿಧಿಯವನ ಇನ್ನೊಂದು ಮೊಳವು ಇಲ್ಲಿ ಇನ್ನೊಂದು ಕೊಳವೆಯಾಗುತ್ತದೆ.

ಒಣಗುತ್ತಿರುವ ಮರದ ಬುಡದಲ್ಲಿ ನಿಂತ ರೈತನ ಸಂಕಟವನ್ನು ನಿಧಿಗಳ್ಳನ ಆಸೆಯೊಡನೆ ಒಂದೇ ತಕ್ಕಡಿಯಲ್ಲಿ ತೂಗಕೂಡದು. ಅವನು ಹೊನ್ನನ್ನು ಬಯಸಿದವನಲ್ಲ. ತಂದೆ ನೆಟ್ಟ ಮರವನ್ನು ಉಳಿಸಿಕೊಳ್ಳಲು ಬಯಸಿದವನು. ಆದರೂ ಕೇಳಬೇಕಾದ ಪ್ರಶ್ನೆಯು ಅದೇ ಆಗಿದೆ. ಆ ಆಳದ ನೀರು ಒಂದು ಸರ್ವೆ ನಂಬರಿನ ಕೆಳಗೆ ನಿಂತದ್ದಲ್ಲ. ಬಾಂದುಕಲ್ಲು ನೆಲದ ಮೇಲೆ ಎಲ್ಲೆಯನ್ನು ಹೇಳಬಲ್ಲುದು. ನೀರಿಗೆ ಅದರ ಮಾತು ಕೇಳಿಸುವುದಿಲ್ಲ. ಒಬ್ಬನು ತನ್ನ ತೋಟದಲ್ಲಿ ಎತ್ತಿದರೆ ಪಕ್ಕದವನ ಬಾವಿ ಇಳಿಯುತ್ತದೆ. ನೆರೆಯವನದೂ ಇನ್ನೂ ಹುಟ್ಟದ ಮೊಮ್ಮಗನದೂ ಆದ ಸೊತ್ತು ಕಾಣದ ಜಾಗದಲ್ಲಿರುವುದರಿಂದ ಒಡೆಯನಿಲ್ಲದ ನಿಧಿಯಂತೆ ತೋರುತ್ತದೆ. ಕೆರೆಯ ಹೂಳನ್ನೆತ್ತಿ, ಏರಿಯನ್ನು ಕಟ್ಟಿ, ಮಳೆಯ ನೀರನ್ನು ನೆಲಕ್ಕೆ ಇಳಿಸಿದವನು ತೆಗೆದಷ್ಟನ್ನು ಮರಳಿ ಇಡುತ್ತಿದ್ದಾನೆ. ಅವನಿಗೆ ಅದು ನಿಕ್ಷೇಪ. ಏನನ್ನೂ ಇಡದೆ ತೆಗೆಯುತ್ತಲೇ ಇರುವವನಿಗೆ ಅದು ನಿಧಿ. ದಾನಕ್ಕಿಂತಲೂ ಕೊಟ್ಟದ್ದನ್ನು ಪಾಲಿಸುವುದು ಮೇಲೆಂದು ಹಳೆಯ ಶಾಸನಗಳ ಕೊನೆಯಲ್ಲಿ ಬರುವ ಮಾತಿನ ತಾತ್ಪರ್ಯವೂ ಇದೇ ಆಗಿದೆ.

ಈ ಸೀಮೆಯ ಜನರಿಗೆ ಇದನ್ನು ಹೊರಗಿನವರು ಬಂದು ಕಲಿಸಬೇಕಾದದ್ದಿಲ್ಲ. ಅವರ ಅಟ್ಟದ ಮೇಲೆಯೇ ಈ ಪಾಠವಿದೆ. ತಿಪಟೂರಿನ ಉಂಡೆ ಕೊಬ್ಬರಿಯು ಹೆಸರಾದುದು. ಬಲಿತ ಕಾಯನ್ನು ಸಿಪ್ಪೆಯೊಡನೆಯೇ ಅಟ್ಟಕ್ಕೆ ಹಾಕಿ ಎಂಟು, ಹತ್ತು, ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು; ತಿರುಳು ತಾನಾಗಿ ಕರಟವನ್ನು ಬಿಡಬೇಕು. ಅಲುಗಿಸಿದಾಗ ಒಳಗೆ ಉಂಡೆ ಉರುಳುವ ಸದ್ದಾದರೆ ಆಯಿತೆಂದು ತಿಳಿಯಬೇಕು. ಆತುರಪಟ್ಟು ಮೊದಲೇ ಒಡೆದವನಿಗೆ ಕರಟಕ್ಕೆ ಅಂಟಿದ ಹಸಿ ತಿರುಳು ಸಿಕ್ಕೀತೇ ಹೊರತು ಉಂಡೆ ಕೊಬ್ಬರಿ ಸಿಕ್ಕದು. ಆ ಕಾಯನ್ನು ಕೊಟ್ಟ ಮರವಾದರೂ ನೆಟ್ಟ ಆರೆಂಟು ವರ್ಷಗಳ ಮೇಲೆ ಫಲಕ್ಕೆ ಬಂದದ್ದು. ನೆಟ್ಟವನು ಹೋದ ಮೇಲೂ ಬಹುಕಾಲ ಕಾಯಿ ಬಿಡುವಂಥದು. ಇದನ್ನು ಕಲ್ಪತರುವೆಂದು ಕರೆಯುತ್ತಾರೆ. ಪುರಾಣದ ಕಲ್ಪತರುವು ಕೇಳಿದೊಡನೆಯೇ ಕೊಡುತ್ತದೆ; ಈ ಕಲ್ಪತರುವು ನೀರೆರೆದು ಕಾದವನಿಗೆ ಕೊಡುತ್ತದೆ, ಎಷ್ಟೋ ವೇಳೆ ಅವನ ಮಕ್ಕಳಿಗೆ ಕೊಡುತ್ತದೆ.

ಬಾಂದುಕಲ್ಲನ್ನು ನೆಡುವಾಗ ಅದರ ಬಹುಭಾಗವನ್ನು ಮಣ್ಣಿನೊಳಗೆ ಹೂಳುತ್ತಾರೆ. ಮೇಲೆ ಕಾಣುವುದು ಸ್ವಲ್ಪವೇ. ಅದನ್ನು ಯಾರೂ ನಿಧಿಯೆಂದು ಅಗೆಯುವುದಿಲ್ಲ. ಆದರೆ ಇಬ್ಬರು ನೆರೆಯವರು ಜಗಳವಿಲ್ಲದೆ ಬಾಳುವುದು ಅದು ಹೂತಲ್ಲಿಯೇ ಇರುವುದರಿಂದ. ನೆಲದೊಳಗೆ ಇರಿಸಿದುದರಲ್ಲಿ ಕೆಲವು ತೆಗೆಯುವುದಕ್ಕಾಗಿ ಇರಿಸಿದ್ದು. ಕೆಲವು ಇರುವುದಕ್ಕಾಗಿಯೇ ಇರಿಸಿದ್ದು. ಯಾವುದು ಯಾವುದೆಂದು ತಿಳಿಯದಿದ್ದಾಗ ನಿಕ್ಷೇಪವೆಂದೇ ಭಾವಿಸಿ ನಡೆಯುವುದು ಗೃಹಸ್ಥನಿಗೆ ಕ್ಷೇಮ, ಅವನ ನಂತರದವರಿಗೂ ಕ್ಷೇಮ.